ಕೋಚ್‌ಗಳಿಂದ ಒಂದು ಉತ್ತರವೂ ಇಲ್ಲ: ಲ್ಯಾಕ್ರಾಸ್ ಆಡುವ ಮಕ್ಕಳ ಕಾಲೇಜು ರಿಕ್ರೂಟಿಂಗ್ ಬಗ್ಗೆ ತಿಳಿದವರು ಹೇಳಿ

ನ್ಯೂಜೆರ್ಸಿ_ಕನ್ನಡತಿ

ಎಲ್ಲರಿಗೂ ನಮಸ್ಕಾರ. ಮಗಳು 9ನೇ ತರಗತಿ, ಮಿಡ್‌ಫೀಲ್ಡ್. ಮಗ 11ನೇ ತರಗತಿ, ಗೋಲಿ, ಅಂದರೆ ಗೋಲ್‌ಕೀಪರ್. ಇಬ್ಬರಿಗೂ ಕಾಲೇಜಿನಲ್ಲಿ ಲ್ಯಾಕ್ರಾಸ್ (ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಗೋಲು ಹೊಡೆಯುವ ಆಟ) ಮುಂದುವರಿಸುವ ಆಸೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಕಾಲೇಜು ಕೋಚ್‌ಗಳು ಆಟಗಾರರನ್ನು ಆರಿಸಿಕೊಳ್ಳುವ ಈ ರಿಕ್ರೂಟಿಂಗಿನ ತಲೆಬುಡ ಗೊತ್ತಾಗುತ್ತಿಲ್ಲ. ಮಗಳು ಬರೆದ ಇಮೇಲ್‌ಗಳಿಗೆ ಕೋಚ್‌ಗಳಿಂದ ಒಂದು ಸಾಲೂ ಬಂದಿಲ್ಲ, ಬಂದಿದ್ದೆಲ್ಲ ಕ್ಯಾಂಪಿನ ಆಹ್ವಾನ. ನಾವಿನ್ನೂ ಎಚ್1ಬಿ ಕೆಲಸದ ವೀಸಾದಲ್ಲಿದ್ದೇವೆ, ಮಕ್ಕಳು ಅವಲಂಬಿತರ ಎಚ್4 ವೀಸಾದಲ್ಲಿ. ಸ್ಕಾಲರ್‌ಶಿಪ್ ಎಷ್ಟು ಸಿಗುತ್ತದೆ, ಯಾವಾಗ ಏನು ಮಾಡಬೇಕು, ದಯವಿಟ್ಟು ವಿವರವಾಗಿ ತಿಳಿಸಿ.

ಲಾಂಗ್‌ಪೋಲ್

ಮೇಡಂ, ಮೊದಲು ಆ ಮೌನದ ಬಗ್ಗೆ. ಡಿವಿಷನ್ 1 (ಡಿ1, ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಮೇಲಿನದು) ಕೋಚ್ ನಿಮ್ಮ ಮಗಳಿಗೆ ಉತ್ತರ ಬರೆಯದಿರುವುದು ನಿಯಮದ ಕಾರಣಕ್ಕೆ, ತಿರಸ್ಕಾರದಿಂದಲ್ಲ. 2017ರ ಏಪ್ರಿಲ್‌ನಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಲ್ಯಾಕ್ರಾಸ್‌ಗೆ ಒಂದು ಗೆರೆ ಎಳೆಯಿತು. ಮಗು 11ನೇ ತರಗತಿಗೆ ಬಂದ ಸೆಪ್ಟೆಂಬರ್ 1ರವರೆಗೆ ಡಿ1 ಕೋಚ್ ರಿಕ್ರೂಟಿಂಗ್ ವಿಚಾರದಲ್ಲಿ ಇಮೇಲ್, ಮೆಸೇಜ್, ಫೋನ್ ಏನನ್ನೂ ಮಾಡುವಂತಿಲ್ಲ. ನೀವೇ ಫೋನ್ ಮಾಡಿದರೂ ಮಾತಾಡುವಂತಿಲ್ಲ. ಅದಕ್ಕೂ ಮುಂಚೆ ಈ ಆಟದಲ್ಲಿ 8ನೇ, 9ನೇ ತರಗತಿಯ ಮಕ್ಕಳೇ ಕಾಲೇಜಿಗೆ ಮಾತು ಕೊಟ್ಟುಬಿಡುತ್ತಿದ್ದರು. ಹೈಸ್ಕೂಲಿನಲ್ಲಿ ಒಂದು ಪಂದ್ಯವನ್ನೂ ಆಡದ ಮಗುವಿಗೆ ಕಾಲೇಜು ನಿಗದಿ ಆಗುವುದು ಯಾರಿಗೂ ಒಳ್ಳೆಯದಲ್ಲ ಎಂದು ಕೋಚ್‌ಗಳ ಸಂಘಗಳೇ ಮುಂದೆ ನಿಂತು ಈ ನಿಯಮ ತರಿಸಿದವು.

ಆ ದಿನಕ್ಕೆ ಮುಂಚೆ ಅವರು ಕಳಿಸಬಹುದಾದದ್ದು ಕ್ಯಾಂಪ್ ಮಾಹಿತಿ, ಪ್ರಶ್ನಾವಳಿ ಮತ್ತು ಕಾಲೇಜಿನ ಸಾಮಾನ್ಯ ಮಾಹಿತಿ, ಅಷ್ಟೇ. ಆದರೆ ನೀವು ಬರೆದದ್ದನ್ನು ಓದುತ್ತಾರೆ, ಹೆಸರನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ, ಟೂರ್ನಮೆಂಟಿನಲ್ಲಿ ಅಂಚಿನಲ್ಲಿ ನಿಂತು ನೋಡುತ್ತಾರೆ. ಆದ್ದರಿಂದ ಬರೆಯುವುದು ವ್ಯರ್ಥವಲ್ಲ. 9ನೇ ತರಗತಿಯಲ್ಲಿ ವರ್ಷಕ್ಕೆ ಎರಡು ಇಮೇಲ್ ಸಾಕು. 10ನೇ ತರಗತಿಯ ವಸಂತದಿಂದ ಪ್ರತಿ ಟೂರ್ನಮೆಂಟಿಗೆ ಒಂದು ವಾರ ಮುಂಚೆ ಒಂದು, ಮುಗಿದ ಮೇಲೆ ವಿಡಿಯೊ ಜೊತೆ ಒಂದು.

ಡಿವಿಷನ್ 3ರಲ್ಲಿ ಈ ಗೆರೆ ಇಲ್ಲ. ಅಲ್ಲಿನ ಕೋಚ್ ಯಾವಾಗ ಬೇಕಾದರೂ ಉತ್ತರಿಸಬಹುದು, ಫೋನಿನಲ್ಲೂ ಮಾತಾಡಬಹುದು. ಕಾಲೇಜಿನ ಖರ್ಚಿನಲ್ಲಿ ಕರೆಸಿಕೊಳ್ಳುವ ಅಧಿಕೃತ ಭೇಟಿ ಮಾತ್ರ 11ನೇ ತರಗತಿಯ ಜನವರಿ 1ರಿಂದ. 10ನೇ ತರಗತಿ ಮುಗಿದ ಮೇಲೂ ಡಿ3 ಕೋಚ್ ಮೂರು ಇಮೇಲ್‌ಗೆ ಉತ್ತರಿಸಲಿಲ್ಲ ಅಂದರೆ ಆ ಕಾಲೇಜನ್ನು ಪಟ್ಟಿಯ ಕೆಳಗೆ ಇಳಿಸಬಹುದು.

ಗೋಲಿಯ_ಅಮ್ಮ

ಕ್ಯಾಂಪ್ ಆಹ್ವಾನದ ಬಗ್ಗೆ ಒಂದು ಮಾತು, ಇಲ್ಲೇ ಬಹಳ ಜನ ಕೈ ಸುಟ್ಟುಕೊಳ್ಳುತ್ತಾರೆ. ಎನ್‌ಸಿಎಎ ನಿಯಮದ ಪ್ರಕಾರ ಕಾಲೇಜು ನಡೆಸುವ ಕ್ಯಾಂಪ್ ಎಲ್ಲರಿಗೂ ತೆರೆದಿರಲೇಬೇಕು. ವಯಸ್ಸು, ತರಗತಿ, ಸಂಖ್ಯೆ, ಹುಡುಗ ಅಥವಾ ಹುಡುಗಿ ಅನ್ನುವಷ್ಟರ ಮಿತಿ ಮಾತ್ರ ಹಾಕಬಹುದು. "ನಿಮ್ಮನ್ನು ಆಯ್ದು ಕರೆಯುತ್ತಿದ್ದೇವೆ" ಅನ್ನುವ ಧಾಟಿಯ ಇಮೇಲ್ ಅದೇ ದಿನ ನೂರಾರು ಮಕ್ಕಳಿಗೆ ಹೋಗಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನು ಆಸಕ್ತಿ ಅಂದುಕೊಂಡು ವಿಮಾನದ ಟಿಕೆಟ್ ತೆಗೆಯಬೇಡಿ.

ಸೆಪ್ಟೆಂಬರ್ 1 ದಾಟಿದ ಮಕ್ಕಳಿಗೆ ಬಂದ ಇಮೇಲ್‌ನಲ್ಲಿ ನಿಜವಾದ ಆಸಕ್ತಿ ಗುರುತಿಸುವುದು ಸುಲಭ. ಮಗುವಿನ ಹೆಸರು, ಜೆರ್ಸಿ ನಂಬರ್, ಯಾವ ಪಂದ್ಯದಲ್ಲಿ ಏನು ನೋಡಿದೆವು ಅಂತ ಬರೆದಿದ್ದರೆ, ಕೊನೆಯಲ್ಲಿ ಕೋಚ್ ತಮ್ಮ ಫೋನ್ ನಂಬರ್ ಕೊಟ್ಟು ಕರೆ ಮಾಡು ಅಂದಿದ್ದರೆ, ಅದು ಆಸಕ್ತಿ. ಕ್ಯಾಂಪಿಗೆ ಹೋಗುವುದಾದರೆ ಮಗುವಿನ ಪಟ್ಟಿಯ ಮೊದಲ ಐದಾರು ಕಾಲೇಜುಗಳಿಗೆ ಮಾತ್ರ, ಅದೂ ಕೋಚ್ ಒಮ್ಮೆ ಆಟ ನೋಡಿದ ಮೇಲೆ. ಗೋಲಿಗಳ ಮಟ್ಟಿಗೆ ಇನ್ನೊಂದು ವಿಚಾರ: ಎಷ್ಟು ಗೋಲಿಗಳಿಗೆ ಪ್ರವೇಶ ಕೊಟ್ಟಿದ್ದೀರಿ ಅಂತ ಮೊದಲೇ ಕೇಳಿ. ಮೈದಾನದ ಎರಡು ಗೋಲು ಕಂಬಗಳಿಗೆ ಹತ್ತು ಗೋಲಿಗಳು ಸರದಿ ನಿಂತರೆ ಇಡೀ ದಿನದಲ್ಲಿ ಕೋಚ್ ನೋಡುವುದು ಹತ್ತು ಶಾಟ್.

ಹಣದ_ಲೆಕ್ಕ

ಸ್ಕಾಲರ್‌ಶಿಪ್ ವಿಚಾರ ಸ್ವಲ್ಪ ಉದ್ದ, ತಾಳ್ಮೆಯಿಂದ ಓದಿ.

ಬಹಳ ವರ್ಷಗಳ ಕಾಲ ಡಿ1ರಲ್ಲಿ ಗಂಡುಮಕ್ಕಳ ತಂಡಕ್ಕೆ 12.6, ಹೆಣ್ಣುಮಕ್ಕಳ ತಂಡಕ್ಕೆ 12 ಪೂರ್ಣ ಸ್ಕಾಲರ್‌ಶಿಪ್ ಮಿತಿ ಇತ್ತು. ಅದನ್ನು ಇಡೀ ತಂಡಕ್ಕೆ ಚೂರುಚೂರಾಗಿ ಹಂಚುತ್ತಿದ್ದರು. 48 ಜನಕ್ಕೆ ಸಮವಾಗಿ ಹಂಚಿದರೆ ತಲೆಗೆ ಕಾಲು ಭಾಗ. 2025ರ ಜೂನ್‌ನಲ್ಲಿ ಕಾಲೇಜು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ ಆ ಮಿತಿ ಹೋಯಿತು, ಬದಲಿಗೆ ತಂಡದ ಗಾತ್ರಕ್ಕೆ ಮಿತಿ ಬಂತು: ಗಂಡುಮಕ್ಕಳು 48, ಹೆಣ್ಣುಮಕ್ಕಳು 38. ಒಪ್ಪಂದಕ್ಕೆ ಸೇರಿದ ಕಾಲೇಜು ಮನಸ್ಸು ಮಾಡಿದರೆ ಎಲ್ಲ 48 ಜನಕ್ಕೂ ಪೂರ್ತಿ ಕೊಡಬಹುದು. ಆದರೆ ಕೊಡಬಹುದು ಅನ್ನುವುದಕ್ಕೂ ಕೊಡುತ್ತಾರೆ ಅನ್ನುವುದಕ್ಕೂ ಬಹಳ ಅಂತರ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ ಹೋಗುವ ಹಣ ಲ್ಯಾಕ್ರಾಸ್‌ಗೆ ಬರುವುದಿಲ್ಲ. ಮೊದಲು 55-60 ಜನರನ್ನು ಇಟ್ಟುಕೊಳ್ಳುತ್ತಿದ್ದ ತಂಡಗಳಲ್ಲಿ ಕೊನೆಯ ಹತ್ತು ಜಾಗಗಳೇ ಇಲ್ಲವಾದವು. ಹಣವಿಲ್ಲದೆ ತಂಡ ಸೇರಿ ಮೂರನೇ ವರ್ಷ ಆಡುತ್ತಿದ್ದ ಹುಡುಗನ ಜಾಗ ಅದು.

ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳು ಡಿ1ರಲ್ಲೇ ಆಡಿದರೂ ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಕುಟುಂಬದ ಆದಾಯ ನೋಡಿ ಸಹಾಯ ಮಾತ್ರ. ಹೌಸ್ ಒಪ್ಪಂದಕ್ಕೂ ಅವು ಸೇರಲಿಲ್ಲ. 2025ರ ಪುರುಷರ ಡಿ1 ಚಾಂಪಿಯನ್ ಕಾರ್ನೆಲ್ ಇದೇ ಐವಿ ಲೀಗಿನದು. ಡಿ3ಯಲ್ಲೂ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ. ಜಾನ್ಸ್ ಹಾಪ್ಕಿನ್ಸ್ ನೋಡಿ: ಉಳಿದ ಆಟಗಳಲ್ಲೆಲ್ಲ ಡಿ3, ಲ್ಯಾಕ್ರಾಸ್ ಮಾತ್ರ ಡಿ1. ಆದ್ದರಿಂದ ಕಾಲೇಜಿನ ಹೆಸರು ಕೇಳಿ ಊಹೆ ಮಾಡಬೇಡಿ, ಪ್ರತಿಯೊಂದನ್ನೂ ತೆರೆದು ನೋಡಿ.

ನನ್ನ ಸ್ಪಷ್ಟ ಅಭಿಪ್ರಾಯ ಇದು: ಈ ಆಟದಲ್ಲಿ ಕೋಲು ಮತ್ತು ಚೆಂಡು ಫೀಸ್ ಕಟ್ಟುವುದು ಕಡಿಮೆ, ಪ್ರವೇಶದ ಬಾಗಿಲು ತೆರೆಸುವುದು ಹೆಚ್ಚು. ಕ್ಲಬ್ ಫೀಸ್, ಹೋಟೆಲ್, ಪ್ರಯಾಣಕ್ಕೆ ವರ್ಷವರ್ಷ ಸಾವಿರಾರು ಡಾಲರ್ ಸುರಿದು, ಅದು ಸ್ಕಾಲರ್‌ಶಿಪ್ ರೂಪದಲ್ಲಿ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿದರೆ ನೀರಿನಲ್ಲಿ ಹೋಮ ಮಾಡಿದಂತೆ. ಓದಿನಲ್ಲಿ ಗಟ್ಟಿ ಇರುವ ಮಗುವಿಗೆ, ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಹೊರಗೇ ಉಳಿಯುವ ಕಾಲೇಜಿನಲ್ಲಿ, ಕೋಚ್ ಪ್ರವೇಶ ಕಚೇರಿಗೆ ಹೇಳುವ ಒಂದು ಮಾತಿನ ಬೆಲೆ ದೊಡ್ಡದು.

ನ್ಯೂಜೆರ್ಸಿ_ಕನ್ನಡತಿ

ಕೋಚ್ ಹೇಳುವ ಮಾತು ಅಂದರೆ ನಿಖರವಾಗಿ ಏನು ಸರ್? ಬಾಯಿಮಾತೇ?

ಹಣದ_ಲೆಕ್ಕ

ಅದಕ್ಕೆ ಪ್ರೀ-ರೀಡ್ ಅನ್ನುತ್ತಾರೆ. 11ನೇ ತರಗತಿ ಮುಗಿದ ಬೇಸಿಗೆಯಲ್ಲಿ, ಸಾಮಾನ್ಯವಾಗಿ ಜುಲೈ 1ರಿಂದ, ಕೋಚ್ ನಿಮ್ಮ ಮಗುವಿನ ಕಡತ ಪ್ರವೇಶ ಕಚೇರಿಗೆ ಕೊಡುತ್ತಾರೆ. ಮೂರು ವರ್ಷದ ಟ್ರಾನ್ಸ್‌ಕ್ರಿಪ್ಟ್, ಎಸ್‌ಎಟಿ ಅಥವಾ ಎಸಿಟಿ ಪ್ರವೇಶ ಪರೀಕ್ಷೆಯ ಅಂಕ, 12ನೇ ತರಗತಿಯಲ್ಲಿ ತೆಗೆದುಕೊಳ್ಳುವ ವಿಷಯಗಳ ಪಟ್ಟಿ, ಶಾಲೆಯ ಪ್ರೊಫೈಲ್, ಇವು ಬೇಕು. ಕಚೇರಿ ನೋಡಿ ಹೌದು, ಇಲ್ಲ, ಅಥವಾ "ಇಂಥ ಅಂಕ ಬಂದರೆ ಹೌದು" ಅನ್ನುತ್ತದೆ. ಹಣಕಾಸಿನ ಪ್ರೀ-ರೀಡ್ ಬೇರೆ ಇದೆ, ಅದನ್ನು ನೀವೇ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಇಲ್ಲಿ ಆಗುವ ಎಡವಟ್ಟು: ಪ್ರೀ-ರೀಡ್ "ಹೌದು" ಬಂತು ಅಂತ ಮಗು 12ನೇ ತರಗತಿಯಲ್ಲಿ ಕಷ್ಟದ ವಿಷಯ ಬಿಟ್ಟು ಹಗುರ ವಿಷಯ ತೆಗೆದುಕೊಳ್ಳುತ್ತದೆ. ಕಡತದಲ್ಲಿ ತೋರಿಸಿದ ಪಟ್ಟಿ ಒಂದು, ಓದುತ್ತಿರುವುದು ಇನ್ನೊಂದು. ಆ "ಹೌದು" ಅಲ್ಲಿಗೆ ಬಿದ್ದುಹೋಗಬಹುದು.

ಇನ್ನೊಂದು, ಪ್ರೀ-ರೀಡ್ ಸರಿ ಬಂದರೂ ಕೋಚ್ ತಮ್ಮ ಬೆಂಬಲದ ಪಟ್ಟಿಯಲ್ಲಿ ಮಗುವನ್ನು ಸೇರಿಸಿದ್ದಾರೆಯೇ ಅನ್ನುವುದು ಬೇರೆ ಪ್ರಶ್ನೆ. "ನಾನು ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕಿದರೆ ನಿಮ್ಮ ಪೂರ್ಣ ಬೆಂಬಲ ಇದೆಯೇ?" ಅಂತ ಮಗು ನೇರವಾಗಿ ಕೇಳಬೇಕು. ಅರ್ಲಿ ಡಿಸಿಷನ್ ಅಂದರೆ ಕಟ್ಟುಬೀಳುವುದು, ಪ್ರವೇಶ ಸಿಕ್ಕರೆ ಉಳಿದ ಅರ್ಜಿಗಳನ್ನೆಲ್ಲ ಹಿಂಪಡೆಯಬೇಕು. ಆದ್ದರಿಂದ ಅದಕ್ಕೆ ಮುಂಚೆ ಕಾಲೇಜಿನ ವೆಬ್‌ಸೈಟಿನಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ಮನೆಯ ಲೆಕ್ಕ ಹಾಕಿ ನೋಡಿ. ಐವಿಗಳಲ್ಲಿ ಅಕ್ಟೋಬರ್ 1ರ ನಂತರ ಲೈಕ್ಲಿ ಲೆಟರ್, ಅಂದರೆ ಪ್ರವೇಶ ಬಹುತೇಕ ಖಚಿತ ಅನ್ನುವ ಕಾಗದ, ಬರಬಹುದು. ಅದನ್ನು ಬರೆಯುವುದು ಪ್ರವೇಶ ಕಚೇರಿ, ಕೋಚ್ ಅಲ್ಲ. ಕೈಗೆ ಆ ಕಾಗದ ಬರುವವರೆಗೆ ಎಲ್ಲವೂ ಬಾಯಿಮಾತೇ.

ಎಡಗೈ_ಮಿಡ್ಡಿ

ವಿಡಿಯೊ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ. ಒಟ್ಟು 3ರಿಂದ 4 ನಿಮಿಷ ಸಾಕು. ಮೊದಲ ಚೌಕಟ್ಟಿನಲ್ಲಿ ಹೆಸರು, ಹೈಸ್ಕೂಲ್ ಮುಗಿಸುವ ವರ್ಷ, ಪೊಸಿಷನ್, ಎತ್ತರ, ಜಿಪಿಎ (ಸರಾಸರಿ ಅಂಕ), ಕ್ಲಬ್, ಜೆರ್ಸಿ ನಂಬರ್, ಇಮೇಲ್. ಅದು 5 ಸೆಕೆಂಡ್ ಇರಲಿ. ಆಮೇಲಿನ 20-30 ಸೆಕೆಂಡಿನಲ್ಲಿ ಅತ್ಯುತ್ತಮ ತುಣುಕುಗಳು. ಕೊನೆಗೆ ಅಂತ ಒಳ್ಳೆಯದನ್ನು ಬಚ್ಚಿಟ್ಟರೆ ಕೋಚ್ ಅಲ್ಲಿವರೆಗೆ ನೋಡೋದೇ ಇಲ್ಲ. ಪ್ರತಿ ತುಣುಕಿನ ಶುರುವಿನಲ್ಲಿ ಒಂದು ಸೆಕೆಂಡ್ ನಿಲ್ಲಿಸಿ ಮಗುವಿನ ಸುತ್ತ ವೃತ್ತ ಹಾಕಿ. ಹಾಡು ಬೇಡ, ಸ್ಲೋ ಮೋಷನ್ ಬೇಡ. ನಿಜವಾದ ಓಟದ ವೇಗ ನೋಡೋಕೆ ಅವರು ಕೂತಿರೋದು.

ಬರೀ ಗೋಲು ಹಾಕಬೇಡಿ. ಉದಾಹರಣೆಗೆ ಒಂದು ಗ್ರೌಂಡ್ ಬಾಲ್ ತಗೊಳ್ಳಿ. ಚೆಂಡು ನೆಲದ ಮೇಲಿದೆ, ಇಬ್ಬರು ಮೇಲೆ ಬೀಳ್ತಿದ್ದಾರೆ. ಮಗು ಓಟ ನಿಲ್ಲಿಸದೆ ಮೊಣಕಾಲು ಬಗ್ಗಿಸಿ, ಕೋಲಿನ ಹಿಂಬದಿ ಹಿಡಿದ ಕೈಯನ್ನು ನೆಲದ ಹತ್ತಿರಕ್ಕೆ ಇಳಿಸಿ, ಚೆಂಡನ್ನು ಬಾಚಿಕೊಂಡು ಹಾಗೇ ಮುಂದೆ ಹಾಯ್ದು, ಎತ್ತಿದ ಕೂಡಲೇ ಕೋಲನ್ನು ಕಿವಿಯ ಹತ್ತಿರ ಎಳೆದುಕೊಂಡು, ತಲೆ ಎತ್ತಿ ನೋಡಿ, ದುರ್ಬಲ ಕೈಯಲ್ಲಿ 25 ಗಜ ಆಚೆಗೆ ಪಾಸ್ ಕೊಟ್ಟಿತು. ಐದು ಸೆಕೆಂಡ್. ಸೋತು ಸುಣ್ಣವಾದ ತಂಡದ ಮೇಲೆ ಹೊಡೆದ ನಾಲ್ಕು ಗೋಲಿಗಿಂತ ಕೋಚ್ ಕಣ್ಣಿಗೆ ಇದು ದೊಡ್ಡದು, ಯಾಕಂದ್ರೆ ಕಾಲು, ಕೈ, ತಲೆ ಮೂರೂ ಒಟ್ಟಿಗೆ ಕೆಲಸ ಮಾಡಿದ್ದು ಕಾಣುತ್ತೆ. ಚೆಂಡು ಕಳಕೊಂಡ ಮೇಲೆ ಹಿಂದೆ ಓಡಿ ಬಂದು ಎದುರಾಳಿ ಚೆಂಡನ್ನು ಮುಂದೆ ಸಾಗಿಸೋದನ್ನ (ಕ್ಲಿಯರ್) ತಡೆಯೋ ರೈಡ್ ಒಂದೆರಡು ಇರಲಿ. ಚೆಂಡು ಕೈಯಲ್ಲಿಲ್ಲದಾಗ ಮಗು ಏನು ಮಾಡುತ್ತೆ ಅನ್ನೋದು ಅಲ್ಲೇ ಗೊತ್ತಾಗೋದು.

ಫೇಸ್‌ಆಫ್ (ಆಟ ಶುರುವಾಗುವಾಗ ಮಧ್ಯದಲ್ಲಿ ಚೆಂಡಿಗಾಗಿ ಇಬ್ಬರ ಸೆಣಸು) ತೆಗೆಯೋ ಹುಡುಗರು ಗೆದ್ದದ್ದು ಮಾತ್ರ ಪೋಣಿಸಬೇಡಿ. ಬಲವಾದ ಎದುರಾಳಿಯ ವಿರುದ್ಧ ಒಂದೇ ಪಂದ್ಯದ 10 ಫೇಸ್‌ಆಫ್ ಸಾಲಾಗಿ ಹಾಕಿ, ಸೋತದ್ದೂ ಸೇರಿ. ಹೆಣ್ಣುಮಕ್ಕಳಲ್ಲಿ ಡ್ರಾ (ಅವರ ಆಟದ ಫೇಸ್‌ಆಫ್) ತೆಗೆಯೋರಿಗೂ ವೃತ್ತದ ಸುತ್ತ ನಿಲ್ಲೋರಿಗೂ ಇದೇ ಮಾತು. ಕ್ಯಾಮೆರಾ ಎತ್ತರದಲ್ಲಿರಲಿ, ಝೂಮ್ ಕಡಿಮೆ ಇರಲಿ. ಡಿಫೆನ್ಸ್ ಸ್ಲೈಡ್ (ನೆರವಿಗೆ ಸರಿದು ಬರೋ ಆಟಗಾರ) ಎಲ್ಲಿಂದ ಬಂತು ಅಂತ ಕಾಣದಿದ್ದರೆ ಆ ತುಣುಕಿಂದ ಕೋಚ್‌ಗೆ ಏನೂ ಗೊತ್ತಾಗಲ್ಲ. ಇದರ ಜೊತೆ ಕತ್ತರಿಸದ ಒಂದು ಪೂರ್ತಿ ಪಂದ್ಯದ ಲಿಂಕ್ ಸಿದ್ಧ ಇಟ್ಟುಕೊಳ್ಳಿ. ಆಸಕ್ತಿ ಇರೋ ಕೋಚ್ ಮುಂದೆ ಕೇಳೋದು ಅದನ್ನೇ.

ಗೋಲಿಯ_ಅಮ್ಮ

ಗೋಲಿ ವಿಡಿಯೊಗೆ ಸೇರಿಸುತ್ತೇನೆ. ತುಣುಕು ಶಾಟ್ ಹೊಡೆಯುವ ಕ್ಷಣದಲ್ಲಿ ಶುರುವಾಗಬಾರದು. ಎರಡು ಪಾಸ್ ಮುಂಚಿನಿಂದ ಶುರುವಾಗಲಿ, ಗೋಲಿ ಕಂಬದಿಂದ ಕಂಬಕ್ಕೆ ಹೇಗೆ ಸರಿಯುತ್ತಾನೆ, ಡಿಫೆನ್ಸ್‌ಗೆ ಹೇಗೆ ಕೂಗುತ್ತಾನೆ ಅಂತ ಗೊತ್ತಾಗಲಿ. ಸೇವ್ ಆದ ಮೇಲೂ ಕತ್ತರಿಸಬೇಡಿ. ಹುಡುಗರ ಆಟದಲ್ಲಿ ಚೆಂಡು ಸಿಕ್ಕ ಮೇಲೆ ಕ್ರೀಸ್ (ಗೋಲಿನ ಸುತ್ತಲಿನ ವೃತ್ತ) ಒಳಗೆ ಇರಲು 4 ಸೆಕೆಂಡ್ ಮಾತ್ರ, ಹುಡುಗಿಯರಲ್ಲಿ 10. ಆ ಹೊತ್ತಿನಲ್ಲಿ ಗೋಲಿ ಹೊರಗಿನ ಆಟಗಾರನಿಗೆ ಕೊಡುವ ಔಟ್‌ಲೆಟ್ ಪಾಸ್ ಎಲ್ಲಿಗೆ ಹೋಯಿತು ಅನ್ನುವುದು ಸೇವ್‌ನಷ್ಟೇ ಮುಖ್ಯ. ಮೈಕ್ ಇಲ್ಲದ ವಿಡಿಯೊ ಗೋಲಿಗೆ ಅರ್ಧ ವಿಡಿಯೊ.

ನಿಮ್ಮ ಮಗ 11ರಲ್ಲಿದ್ದಾನೆ ಅಂದಿರಿ. ಕಾಲೇಜುಗಳು ಒಂದು ಬ್ಯಾಚಿಗೆ ಸಾಮಾನ್ಯವಾಗಿ ಒಬ್ಬ ಗೋಲಿಯನ್ನು ತೆಗೆದುಕೊಳ್ಳುತ್ತವೆ, ಕೆಲವು ವರ್ಷ ಒಬ್ಬರನ್ನೂ ಇಲ್ಲ. ಈಗಲೇ 30 ಕಾಲೇಜುಗಳ ರೋಸ್ಟರ್ (ತಂಡದ ಆಟಗಾರರ ಪಟ್ಟಿ) ಪುಟ ತೆರೆದು, ಯಾವ ಗೋಲಿ ಯಾವ ವರ್ಷ ಹೊರಬೀಳುತ್ತಾನೆ ಅಂತ ಒಂದು ಸ್ಪ್ರೆಡ್‌ಶೀಟ್ ಮಾಡಿ. ಮೊದಲ ಮತ್ತು ಎರಡನೇ ವರ್ಷದಲ್ಲೇ ಮೂವರು ಗೋಲಿಗಳಿರುವ ಕಾಲೇಜಿಗೆ ಎಷ್ಟು ಚೆನ್ನಾಗಿ ಬರೆದರೂ ಜಾಗ ಹುಟ್ಟುವುದಿಲ್ಲ. ಬೇರೆ ಕಾಲೇಜಿನಿಂದ ಟ್ರಾನ್ಸ್‌ಫರ್ ಆಗಿ ಬಂದವರು ಎಷ್ಟು ಅಂತಲೂ ಎಣಿಸಿ. ಹೆಚ್ಚಿದ್ದರೆ ಆ ಕೋಚ್ ಹೈಸ್ಕೂಲ್ ಮಕ್ಕಳಿಗೆ ಇಡುವ ಜಾಗ ಕಡಿಮೆ ಅಂತ ಅರ್ಥ.

ಲಾಂಗ್‌ಪೋಲ್

ಇಮೇಲ್ ಹೇಗಿರಬೇಕು ಅಂತ ಬಹಳ ಜನ ಕೇಳುತ್ತಾರೆ. ವಿಷಯದ ಸಾಲಿನಲ್ಲೇ ಎಲ್ಲ ಬರಬೇಕು: ಹೈಸ್ಕೂಲ್ ಮುಗಿಸುವ ವರ್ಷ, ಪೊಸಿಷನ್, ಯಾವ ಕೈ, ಹೆಸರು, ಕ್ಲಬ್, ಜೆರ್ಸಿ ನಂಬರ್, ಜಿಪಿಎ. ಒಳಗೆ ಎಂಟು ಹತ್ತು ಸಾಲು ಸಾಕು. ಮೊದಲ ಸಾಲು ಆ ಕಾಲೇಜು ಯಾಕೆ ಅನ್ನುವುದಕ್ಕೆ. "ನಿಮ್ಮ ಶ್ರೇಷ್ಠ ಕಾರ್ಯಕ್ರಮ" ಅಂತ ಬರೆದರೆ ಬೇರೆ 40 ಕಾಲೇಜಿಗೂ ಅದೇ ಹೋಗಿದೆ ಅಂತ ಕೋಚ್‌ಗೆ ತಿಳಿಯುತ್ತದೆ. "ನಿಮ್ಮಲ್ಲಿ ನ್ಯೂರೋಸೈನ್ಸ್ ಓದುತ್ತಾ ಆಡುವ ಹುಡುಗಿಯರು ರೋಸ್ಟರ್‌ನಲ್ಲಿದ್ದಾರೆ, ನನಗೂ ಅದೇ ಓದಬೇಕು" ಅಂತ ಬರೆದರೆ ಓದುತ್ತಾರೆ. ಆಮೇಲೆ ವಿಡಿಯೊ ಲಿಂಕ್, ಟೂರ್ನಮೆಂಟಿನ ಹೆಸರು, ದಿನ, ಸಮಯ, ಮೈದಾನದ ಸಂಖ್ಯೆ. ಕೊನೆಗೆ ಹೈಸ್ಕೂಲ್ ಕೋಚ್, ಕ್ಲಬ್ ಕೋಚ್ ಇಬ್ಬರ ಫೋನ್ ನಂಬರ್.

ಇಮೇಲನ್ನು ಮಗುವೇ ಬರೆಯಬೇಕು. ಅಪ್ಪನ ವಿಳಾಸದಿಂದ ಬಂದ, ಅಪ್ಪನ ಭಾಷೆಯಲ್ಲಿರುವ ಇಮೇಲನ್ನು ಕೋಚ್ ಒಂದೇ ನೋಟಕ್ಕೆ ಗುರುತಿಸುತ್ತಾರೆ. ನೀವು ಕಾಗುಣಿತ ನೋಡಿ, ಕಾಲೇಜಿನ ಹೆಸರು ಸರಿಯಿದೆಯೇ ನೋಡಿ. ನಕಲು ಹೊಡೆಯುವಾಗ ಹಿಂದಿನ ಕಾಲೇಜಿನ ಹೆಸರು ಉಳಿದುಹೋಗುವುದು ಅತಿ ಸಾಮಾನ್ಯ ತಪ್ಪು.

ಎಚ್4_ಪ್ರಶ್ನೋತ್ತರ

ವೀಸಾ ವಿಚಾರಕ್ಕೆ ಬರುತ್ತೇನೆ. ಕಾಲೇಜು ಕೊಡುವ ಕ್ರೀಡಾ ಸ್ಕಾಲರ್‌ಶಿಪ್‌ಗೆ ಪೌರತ್ವ ಬೇಕಿಲ್ಲ, ಎಚ್4 ಮಗುವೂ ಪಡೆಯಬಹುದು. ಫಾಫ್ಸಾ ಅನ್ನುವ ಅರ್ಜಿಯ ಮೂಲಕ ಸಿಗುವ ಸರ್ಕಾರದ ಸಹಾಯ ಮಾತ್ರ ಎಚ್4 ಮಕ್ಕಳಿಗೆ ಸಿಗುವುದಿಲ್ಲ. ಆದ್ದರಿಂದ ಆದಾಯ ಆಧಾರಿತ ಸಹಾಯ ಬೇಕಾದರೆ ಕಾಲೇಜಿನ ಸ್ವಂತ ಹಣ ನೋಡಬೇಕು, ಅದಕ್ಕೆ ಹಲವು ಕಡೆ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಆದಾಯ ವಿವರದ ಅರ್ಜಿ ತುಂಬಬೇಕು. ಇಲ್ಲಿ ಒಂದು ಬಲೆ ಇದೆ. ನಿಮ್ಮ ಮಗು ಅಮೆರಿಕದಲ್ಲೇ ಓದಿದ್ದರೂ ಹಲವು ಕಾಲೇಜುಗಳು ಸಹಾಯದ ಮಟ್ಟಿಗೆ ವಿದೇಶಿ ವಿದ್ಯಾರ್ಥಿ ಅಂತಲೇ ಲೆಕ್ಕ ಹಿಡಿಯುತ್ತವೆ, ಮತ್ತು ಅಂಥವರು ಸಹಾಯ ಕೇಳಿದರೆ ಪ್ರವೇಶದಲ್ಲೇ ಅದು ತೂಗುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಡಾರ್ಟ್‌ಮತ್, ಎಂಐಟಿ, ಆಮ್‌ಹರ್ಸ್ಟ್, ಬೋಡನ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ವಿಚಾರದಲ್ಲೂ ಹಣ ನೋಡದೆ ಪ್ರವೇಶ ನಿರ್ಧರಿಸುತ್ತವೆ. ಎಲ್ಲದರಲ್ಲೂ ಲ್ಯಾಕ್ರಾಸ್ ಇದೆ.

ಆರ್ಮಿ, ನೇವಿ, ಏರ್ ಫೋರ್ಸ್ ಅಕಾಡೆಮಿಗಳಲ್ಲಿ ಫೀಸ್ ಇಲ್ಲ, ಡಿ1 ಲ್ಯಾಕ್ರಾಸೂ ಇದೆ, ಆದರೆ ನಿಮ್ಮಂಥವರ ಮಕ್ಕಳಿಗೆ ಅಮೆರಿಕದ ಪೌರತ್ವವಿಲ್ಲದೆ ದಾರಿ ಇಲ್ಲ. ಎನ್‌ಐಎಲ್ ಅಂತ ಹೆಸರು, ಚಿತ್ರ ಬಳಸಿ ಹಣ ಮಾಡುವ ವ್ಯವಹಾರಕ್ಕೆ ಕೆಲಸದ ಅನುಮತಿ ಇಲ್ಲದ ಮಗು ಸಹಿ ಹಾಕುವ ಮುಂಚೆ ಇಮಿಗ್ರೇಶನ್ ವಕೀಲರನ್ನು ಕಾಣಲೇಬೇಕು. ತಂಡದವರೆಲ್ಲ ಮಾಡುತ್ತಿದ್ದಾರೆ ಅಂತ ಒಂದು ಪೋಸ್ಟ್ ಹಾಕಿ ಹಣ ತೆಗೆದುಕೊಂಡರೂ ವೀಸಾಕ್ಕೆ ಕುತ್ತು. 21 ತುಂಬಿದರೆ ಎಚ್4 ಮುಗಿಯುತ್ತದೆ, ಅದು ಕಾಲೇಜಿನ ಮೂರನೇ ವರ್ಷದ ಆಸುಪಾಸು. ವಿದ್ಯಾರ್ಥಿ ವೀಸಾ ಎಫ್1ಗೆ ಬದಲಾಯಿಸುವ ಅರ್ಜಿಯ ದಿನಾಂಕವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಬೆಂಗಳೂರಿಂದ_ಬಂದವರು

9 ಮತ್ತು 10ನೇ ತರಗತಿ ಕರ್ನಾಟಕದಲ್ಲಿ ಓದಿ ಬಂದ ಮಕ್ಕಳಿಗೆ ಏನಾದರೂ ಬೇರೆ ಇದೆಯೇ?

ಎಚ್4_ಪ್ರಶ್ನೋತ್ತರ

ಇದೆ. ಡಿ1, ಡಿ2 ಆಡಲು ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್ ಒಪ್ಪಬೇಕು. ಅದು 9ನೇ ತರಗತಿಯಿಂದ ಎಲ್ಲ ಅಂಕಪಟ್ಟಿ ಕೇಳುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮನೆಯಲ್ಲಿರುತ್ತದೆ, 9ನೇ ತರಗತಿಯದ್ದನ್ನು ಯಾರೂ ಇಟ್ಟಿರುವುದಿಲ್ಲ. ಊರಿಗೆ ಹೋದಾಗ ಶಾಲೆಯಿಂದ ಸಹಿ, ಮೊಹರು ಸಮೇತ ತೆಗೆಸಿಕೊಳ್ಳಿ. ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದವೂ ಬೇಕು.

ಇಲ್ಲಿಯ ಮಕ್ಕಳಿಗೂ ಲೆಕ್ಕ ಇದೇ: ಒಟ್ಟು 16 ಕೋರ್ (ಎನ್‌ಸಿಎಎ ಲೆಕ್ಕಕ್ಕೆ ಹಿಡಿಯುವ) ವಿಷಯ. ಇಂಗ್ಲಿಷ್ 4 ವರ್ಷ, ಆಲ್ಜಿಬ್ರಾ 1 ಅಥವಾ ಮೇಲಿನ ಗಣಿತ 3, ವಿಜ್ಞಾನ 2, ಸಮಾಜ ವಿಜ್ಞಾನ 2, ಇಂಗ್ಲಿಷ್-ಗಣಿತ-ವಿಜ್ಞಾನದಲ್ಲಿ ಇನ್ನೊಂದು, ಉಳಿದ 4 ಇವುಗಳಲ್ಲೋ ವಿದೇಶಿ ಭಾಷೆಯಲ್ಲೋ. ಡಿ1ಕ್ಕೆ ಕೋರ್ ಜಿಪಿಎ 2.3. ನಮ್ಮ ಮನೆಗಳಲ್ಲಿ ಈ ಅಂಕ ಸಮಸ್ಯೆಯಲ್ಲ. ಸಮಸ್ಯೆ ಆಗುವುದು 10/7 ನಿಯಮದಲ್ಲಿ. 12ನೇ ತರಗತಿ ಶುರುವಾಗುವ ಮುಂಚೆ 10 ವಿಷಯ ಮುಗಿದಿರಬೇಕು, ಅದರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದಲ್ಲಿ. ಬೇಸಿಗೆಯಲ್ಲಿ ಯಾವುದೋ ಆನ್‌ಲೈನ್ ಸಂಸ್ಥೆಯಲ್ಲಿ ಮಾಡಿದ ವಿಷಯ ಎನ್‌ಸಿಎಎ ಪಟ್ಟಿಯಲ್ಲಿಲ್ಲದಿದ್ದರೆ ಲೆಕ್ಕಕ್ಕೇ ಬರುವುದಿಲ್ಲ. ಫೀಸ್ ಕಟ್ಟುವ ಮುಂಚೆ ಪಟ್ಟಿ ನೋಡಿ. 2023ರಿಂದ ಎನ್‌ಸಿಎಎ ಎಸ್‌ಎಟಿ ಕೇಳುತ್ತಿಲ್ಲ, ಆದರೆ ಕಾಲೇಜು ಕೇಳಬಹುದು. ಎಂಐಟಿ, ಡಾರ್ಟ್‌ಮತ್, ಹಾರ್ವರ್ಡ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿವೆ.

ಎಡಗೈ_ಮಿಡ್ಡಿ

ಒಂದು ವರ್ಷ ಮತ್ತೆ ಓದಿಸೋ ರೀಕ್ಲಾಸ್ ಬಗ್ಗೆಯೂ ಹೇಳಿಬಿಡ್ತೀನಿ, ಕ್ಲಬ್‌ಗಳಲ್ಲಿ ಇದೇ ಮಾತು. 8ನೇ ತರಗತಿ ಮತ್ತೆ ಮಾಡಿದ್ರೆ ಎನ್‌ಸಿಎಎ ಗಡಿಯಾರ ಇನ್ನೂ ಶುರುವಾಗಿರಲ್ಲ. 9 ಶುರುವಾದ ಮೇಲೆ ಮಾಡಿದ್ರೆ ಡಿ1 ಕೋರ್ ವಿಷಯಗಳನ್ನು ಮೊದಲ ಸಲ 9ಕ್ಕೆ ಕಾಲಿಟ್ಟ ದಿನದಿಂದ ನಾಲ್ಕು ವರ್ಷದಲ್ಲೇ ಮುಗಿಸಬೇಕು. ಐದನೇ ವರ್ಷದ ಅಂಕ ಜಿಪಿಎ ಏರಿಸುತ್ತೆ ಅಂತ ನಂಬಿ ಮೋಸ ಹೋಗಬೇಡಿ. ನನ್ನ ಕೇಳಿದ್ರೆ, ಓದಿನಲ್ಲಿ ಚೆನ್ನಾಗಿರೋ ಮಗುವನ್ನು ಬರೀ ಮೈ ಬೆಳೆಯಲಿ ಅಂತ ಹಿಂದಕ್ಕೆ ಹಾಕೋದು ಬೇಡ.

ಹಣದ_ಲೆಕ್ಕ

ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಜುಲೈ ಆಗಸ್ಟ್‌ನಲ್ಲಿ ಹುಟ್ಟಿದ ಹುಡುಗ ತನ್ನ ಬ್ಯಾಚಿನಲ್ಲಿ ಎಲ್ಲರಿಗಿಂತ ಚಿಕ್ಕವನಾಗಿದ್ದರೆ, 8ನೇ ತರಗತಿಯಲ್ಲೇ ಯೋಚಿಸುವುದರಲ್ಲಿ ಅರ್ಥವಿದೆ. ಆದರೆ ಎಚ್4 ಮಕ್ಕಳಿಗೆ ಒಂದು ವರ್ಷ ತಡವಾದರೆ 21 ತುಂಬುವ ಸಮಸ್ಯೆ ಕಾಲೇಜಿನಲ್ಲಿ ಒಂದು ವರ್ಷ ಮುಂಚೆಯೇ ಬರುತ್ತದೆ, ಅದನ್ನೂ ತೂಗಿ.

ರಿಕ್ರೂಟಿಂಗ್ ಏಜೆನ್ಸಿಗಳ ಬಗ್ಗೆ: "ಸ್ಕಾಲರ್‌ಶಿಪ್ ಸಿಕ್ಕರೆ ಅದರಲ್ಲಿ ಇಷ್ಟು ಭಾಗ ಕೊಡಿ" ಅನ್ನುವವರ ಹತ್ತಿರ ಹೋಗಲೇಬೇಡಿ. ಎನ್‌ಸಿಎಎ ಕಣ್ಣಿಗೆ ಅವರು ಏಜೆಂಟ್, ಮಗುವಿನ ಅರ್ಹತೆಗೇ ಸಂಚಕಾರ.

ನ್ಯೂಜೆರ್ಸಿ_ಕನ್ನಡತಿ

ಎಲ್ಲರಿಗೂ ಅನಂತ ಧನ್ಯವಾದ. ಇವತ್ತೇ ಸ್ಪ್ರೆಡ್‌ಶೀಟ್ ಶುರು ಮಾಡಿದ್ದೇವೆ. ಮಗನಿಗೆ ಒಬ್ಬ ಡಿ3 ಕೋಚ್ ಶನಿವಾರ ಫೋನ್ ಮಾಡುತ್ತಾರಂತೆ. ಏನು ಕೇಳಬೇಕು? ಮತ್ತೆ, ಬೇಡ ಅನ್ನಿಸಿದ ಕಾಲೇಜಿಗೆ ಬೇಡ ಅನ್ನುವುದು ಹೇಗೆ? ನಮಗೆ ಅದು ತುಂಬಾ ಮುಜುಗರ.

ಗೋಲಿಯ_ಅಮ್ಮ

ಫೋನ್ ಅವನ ಕೈಯಲ್ಲಿರಲಿ, ಸ್ಪೀಕರ್ ಹಾಕಿ ನೀವು ಪಕ್ಕದಲ್ಲಿ ಕೂರಬೇಡಿ. ಅವನ ಮುಂದೆ ಒಂದು ಕಾಗದ ಇಟ್ಟಿರಲಿ: ನನ್ನ ಬ್ಯಾಚಿಗೆ ಎಷ್ಟು ಗೋಲಿ ತೆಗೆದುಕೊಳ್ಳುತ್ತೀರಿ? ನಿಮ್ಮ ಪಟ್ಟಿಯಲ್ಲಿ ನಾನು ಎಷ್ಟನೆಯವನು? ಪ್ರೀ-ರೀಡ್‌ಗೆ ಕಡತ ಯಾವಾಗ ಕಳಿಸಲಿ? ಎಂಜಿನಿಯರಿಂಗ್ ಅಥವಾ ಬಯಾಲಜಿ ಲ್ಯಾಬ್ ಸಂಜೆ ಇದ್ದರೆ ಪ್ರಾಕ್ಟೀಸ್ ಏನಾಗುತ್ತದೆ, ಈಗ ಹಾಗೆ ಓದುತ್ತಿರುವ ಆಟಗಾರ ಯಾರಾದರೂ ಇದ್ದಾರೆಯೇ, ಅವರ ಜೊತೆ ಮಾತಾಡಬಹುದೇ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಕಾಲೇಜಿನ ಸ್ವಭಾವ ಗೊತ್ತಾಗುತ್ತದೆ. ಹಣದ ಪ್ರಶ್ನೆ ಮೊದಲ ಕರೆಯಲ್ಲಿ ಬೇಡ, ಎರಡನೆಯದರಲ್ಲಿ ನೀವೂ ಸೇರಿ ಕೇಳಿ.

ಲಾಂಗ್‌ಪೋಲ್

ಬೇಡ ಅನ್ನುವುದರ ಬಗ್ಗೆ ನಾನು ಹೇಳುತ್ತೇನೆ. ಮುಜುಗರಕ್ಕೆ ಸುಮ್ಮನಾಗಿಬಿಡುವುದು ನಮ್ಮವರ ದೊಡ್ಡ ತಪ್ಪು. ಕೋಚ್ ಇಮೇಲ್ ಮಾಡುತ್ತಲೇ ಇರುತ್ತಾರೆ, ಮಗು ಉತ್ತರಿಸುವುದಿಲ್ಲ, ಆ ಜಾಗಕ್ಕಾಗಿ ಕಾಯುತ್ತಿರುವ ಇನ್ನೊಂದು ಮಗುವೂ ತೂಗಾಡುತ್ತಿರುತ್ತದೆ. ನಿರ್ಧಾರವಾದ ಎರಡು ದಿನದೊಳಗೆ ಮಗುವೇ ಫೋನ್ ಮಾಡಲಿ, ಸಿಗದಿದ್ದರೆ ಇಮೇಲ್. ಮೂರೇ ವಾಕ್ಯ: ನಿಮ್ಮ ಸಮಯಕ್ಕೆ ಧನ್ಯವಾದ, ನಾನು ಬೇರೆ ಕಾಲೇಜನ್ನು ಆರಿಸಿಕೊಂಡಿದ್ದೇನೆ, ನಿಮ್ಮ ತಂಡಕ್ಕೆ ಒಳ್ಳೆಯದಾಗಲಿ. ಯಾವ ಕಾಲೇಜು ಅಂತ ಕೇಳಿದರೆ ಹೇಳಿಬಿಡಲಿ. ಈ ಆಟದಲ್ಲಿ ಸಹಾಯಕ ಕೋಚ್‌ಗಳು ಎರಡು ಮೂರು ವರ್ಷಕ್ಕೊಮ್ಮೆ ಕಾಲೇಜು ಬದಲಾಯಿಸುತ್ತಾರೆ. ಇವತ್ತು ಬೇಡ ಅನ್ನಿಸಿಕೊಂಡವರೇ ನಾಳೆ ನಿಮ್ಮ ಮಗಳು ಬರೆಯುವ ಇಮೇಲ್ ತೆರೆಯಬಹುದು, ಮನೆತನದ ಹೆಸರು ಅವರಿಗೆ ನೆನಪಿರುತ್ತದೆ.